ನೆಲನೆಲ್ಲಿ ರಸ ಕುಡಿದ್ರೆ ಥಿನ್ನರ್ ವಿಷ ಇಳಿಯುತ್ತಾ? ತಿಳಿದಿರಬೇಕಾದ ವಿಷಯಗಳು

ಪುಟ್ಟೇನಹಳ್ಳಿ: ಪೇಂಟ್ ಕೆಲಸ, ಗ್ಯಾರೇಜು, ಬ್ಯಾಟರಿ ರಿಪೇರಿ ಅಂತ ದಿನವಿಡೀ ಥಿನ್ನರ್ ವಾಸನೆ, ಸೀಸದ ಧೂಳಿನ ನಡುವೆ ದುಡಿಯೋರು ನಮ್ಮಲ್ಲಿ ಕಮ್ಮಿ ಇಲ್ಲ. ಬೆಳಗ್ಗೆ ನೆಲನೆಲ್ಲಿ ರಸ ಕುಡಿದ್ರೆ ಲಿವರ್‌ಗೆ ಏನೂ ಆಗಲ್ಲ ಅನ್ನೋ ಮಾತೂ ಹೊಸದಲ್ಲ. ಇದರಲ್ಲಿ ನಿಜ ಎಷ್ಟು?

ವಿಷ ಏನು ಮಾಡುತ್ತೆ?

ಉಸಿರು, ಬಾಯಿ, ಚರ್ಮದ ಮೂಲಕ ಒಳಗೆ ಹೋದ ರಾಸಾಯನಿಕವನ್ನು ಹೆಚ್ಚಾಗಿ ಒಡೆಯುವುದು ಲಿವರ್. ಕೆಲವು ಸಲ ಒಡೆದ ಮೇಲೆ ಹುಟ್ಟುವ ವಸ್ತುವೇ ಇನ್ನೂ ಕೆಟ್ಟದ್ದು. ಪ್ಯಾರಸಿಟಮಾಲ್ ಅತಿಯಾದಾಗ ಆಗೋದು ಇದೇ. ಸೀಸ ಹಿಮೋಗ್ಲೋಬಿನ್ ತಯಾರಾಗುವುದನ್ನು ತಡೆಯುತ್ತೆ, ಬೆಂಜೀನ್ ಮೂಳೆಮಜ್ಜೆಗೇ ಪೆಟ್ಟು ಕೊಡುತ್ತೆ. ಎರಡರಿಂದಲೂ ರಕ್ತಹೀನತೆ ಬರಬಹುದು.

ಲ್ಯಾಬ್‌ನಲ್ಲಿ ಕಂಡಿದ್ದು

ನೆಲನೆಲ್ಲಿ, ಗರುಗದ ಸೊಪ್ಪು, ನೆಲಬೇವು, ಕಟುಕರೋಹಿಣಿ ಇವುಗಳ ಸಾರವನ್ನು ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಲಿವರ್ ಕೆಡಿಸಲು ಕಾರ್ಬನ್ ಟೆಟ್ರಾಕ್ಲೋರೈಡ್ ಅಥವಾ ಪ್ಯಾರಸಿಟಮಾಲ್ ಕೊಡ್ತಾರೆ. ರಕ್ತದ ಪರೀಕ್ಷೆಗೆ ಫಿನೈಲ್ ಹೈಡ್ರಜಿನ್ ಬಳಸೋದುಂಟು. ಸಾರ ಕೊಟ್ಟ ಇಲಿಗಳಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಅಷ್ಟಾಗಿ ಏರದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಆದರೆ ಗಮನಿಸಿ: ಇಂಥ ಪರೀಕ್ಷೆಗಳಲ್ಲಿ ಬಹಳಷ್ಟು ಸಲ ವಿಷಕ್ಕೆ ಮೊದಲೇ ಸಾರ ಕೊಟ್ಟಿರ್ತಾರೆ, ಅದೂ ತೂಕಕ್ಕೆ ತಕ್ಕಂತೆ ಅಳೆದು. ವಿಷ ಹೋದ ಮೇಲೆ ಮನುಷ್ಯ ಕುಡಿಯೋ ಒಂದು ಲೋಟ ರಸಕ್ಕೆ ಈ ಲೆಕ್ಕ ಹೊಂದಲ್ಲ.

ಗಿಡದ ಸಾರ ಆಸ್ಪತ್ರೆಯಲ್ಲೂ ಬಳಕೆಯಲ್ಲಿದೆ. ಯುರೋಪಿನಲ್ಲಿ ವಿಷ ಅಣಬೆ ತಿಂದವರಿಗೆ ಮಿಲ್ಕ್ ಥಿಸಲ್ ಗಿಡದ ಸಿಲಿಬಿನಿನ್ ಅನ್ನು ರಕ್ತನಾಳಕ್ಕೆ ಕೊಡ್ತಾರೆ. ಆದರೆ ಅದು ಶುದ್ಧ ಮಾಡಿದ ಔಷಧ, ವೈದ್ಯರ ಕೈಯಲ್ಲಿ.

ಗಿಡದಿಂದಲೂ ತೊಂದರೆ

2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಲಿವರ್ ಹಾನಿ ಕಂಡಿದ್ದಾಗಿ ವರದಿ ಮಾಡಿದ್ರು. ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ಅಂದರೆ ಗುರುತು ತಪ್ಪುವ ಅಪಾಯ ಇದ್ದೇ ಇದೆ. ನೆಲನೆಲ್ಲಿಯನ್ನು ಹೋಲುವ ಗಿಡಗಳೂ ಹಲವು. ಔಷಧಿ ಸಸ್ಯಗಳ ಮೇಲೆ ಕೆಲಸ ಮಾಡಲು 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ನಮ್ಮ ಪಕ್ಕದ ಜಾರಕಬಂಡೆ ಕಾವಲ್‌ನಲ್ಲೇ ಇದೆ. ಅಲ್ಲಿ ಔಷಧಿ ಗಿಡಗಳ ತೋಟವೂ ಇದೆ, ಒಣಗಿಸಿಟ್ಟ ಮಾದರಿಗಳ ಸಂಗ್ರಹವೂ ಇದೆ. ಬೇಲಿಯಲ್ಲಿ ಸಿಕ್ಕಿದ್ದನ್ನು ಅರೆದು ಕುಡಿಯಬೇಡಿ.

ನೀವು ಮಾಡಬೇಕಾದ್ದು

* ಥಿನ್ನರ್ ಡಬ್ಬಿ ತೆಗೆದಾಗ ಷಟರ್, ಕಿಟಕಿ ತೆರೆದಿಡಿ. ಕೈಗೆ ಗ್ಲೌಸ್ ಹಾಕಿ.
* ಥಿನ್ನರ್, ಕೀಟನಾಶಕವನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ.
* ಬ್ಯಾಟರಿ ಕೆಲಸದವರು ಊಟಕ್ಕೆ ಮೊದಲು ಕೈ ತೊಳೆಯಿರಿ. ಡಾಕ್ಟರನ್ನು ಕೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.
* ಯಾರಾದ್ರೂ ಕುಡಿದುಬಿಟ್ರೆ ವಾಂತಿ ಮಾಡಿಸಬೇಡಿ, ರಸ ಕುಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.
* ಪ್ಯಾರಸಿಟಮಾಲ್ ಅತಿಯಾಗಿದ್ರೆ ಆರಾಮಾಗೇ ಇದ್ದಾರೆ ಅಂತ ಕಾಯಬೇಡಿ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನೋ ಮದ್ದಿದೆ, 8 ಗಂಟೆಯೊಳಗೆ ಕೊಟ್ರೆ ಚೆನ್ನಾಗಿ ಕೆಲಸ ಮಾಡುತ್ತೆ.
* ಕಷಾಯ, ರಸ ಕುಡೀತಿದ್ರೆ ಡಾಕ್ಟರ್ ಹತ್ರ ಮುಚ್ಚಿಡಬೇಡಿ.