ವೆಲ್ಡಿಂಗ್ ರೆಗ್ಯುಲೇಟರ್ ಆಕ್ಸಿಜನ್ ಸಿಲಿಂಡರ್‌ಗೆ ಕೂರುತ್ತದೆ, ಹಾಗಂತ ಹಾಕಬಹುದೇ? ಸ್ಕೂಬಾದಿಂದ ಮನೆಯ ಮಂಚದವರೆಗೆ ವಾಲ್ವ್‌ಗಳ ಕಥೆ

“ಸಿಲಿಂಡರ್ ಯಾವುದಾದರೇನು, ಒಳಗಿರೋದು ಗಾಳಿ ತಾನೇ? ರೆಗ್ಯುಲೇಟರ್ ಕೂರದಿದ್ದರೆ ಅಡಾಪ್ಟರ್ ಹಾಕಿ, ಬಿಗಿಯಾಗಿದ್ದರೆ ಒಂದು ಹನಿ ಎಣ್ಣೆ ಬಿಡಿ.” ಈ ಥರದ ಸಲಹೆ ವಾಟ್ಸಾಪ್ ಗುಂಪಿನಲ್ಲೂ ಸಿಗುತ್ತದೆ, ಗ್ಯಾರೇಜಿನ ಮುಂದೆಯೂ ಸಿಗುತ್ತದೆ. ಕೇಳಲು ಸರಿ ಎನಿಸುವ ಈ ಮೂರು ಮಾತೂ ತಪ್ಪು. ಮೂರನೆಯದಂತೂ ಜೀವಕ್ಕೇ ಕುತ್ತು.

ಮೊದಲು ಸಮುದ್ರದ ಕಡೆಯಿಂದ ನೋಡೋಣ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ನೋಡಿದವರಿಗೆ ಕಡಲಾಳದ ದೃಶ್ಯಗಳು ನೆನಪಿರಬಹುದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಪ್ರವಾಸಿಗರೂ ಸ್ಕೂಬಾ ಡೈವಿಂಗ್ ಮಾಡುತ್ತಾರೆ. ಆ ಫೋಟೋಗಳು ಬಂದಾಗಲೆಲ್ಲ “ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು” ಎಂಬ ಒಕ್ಕಣೆ ಇದ್ದೇ ಇರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಇದೇ ಗಾಳಿ. ಸುಮಾರು 21 ಪಾಲು ಆಕ್ಸಿಜನ್, ಉಳಿದದ್ದು ಬಹುಪಾಲು ಸಾರಜನಕ. ಅದನ್ನೇ ಸೋಸಿ, ಒತ್ತಿ ತುಂಬಿರುತ್ತಾರೆ. ಶುದ್ಧ ಆಕ್ಸಿಜನ್ ಉಸಿರಾಡುತ್ತ 6 ಮೀಟರ್‌ಗಿಂತ ಕೆಳಗೆ ಇಳಿದರೆ ನೀರಿನೊಳಗೇ ಫಿಟ್ಸ್ ಬರುವ ಅಪಾಯವಿದೆ.

ಒತ್ತಿ ತುಂಬುವುದು ಅಂದರೆ ಎಷ್ಟು? ಬಾಡಿಗೆಗೆ ಸಿಗುವ ಮಾಮೂಲಿ ಅಲ್ಯೂಮಿನಿಯಂ ಟ್ಯಾಂಕಿನಲ್ಲಿ 207 ಬಾರ್, ಅಂದರೆ 3000 ಪಿಎಸ್‌ಐ. ಬೈಕಿನ ಟೈರಿಗೆ 30 ಪಿಎಸ್‌ಐ ಎಂದು ಹಿಡಿದರೆ ಅದರ ನೂರು ಪಟ್ಟು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಬಂದರೂ ಎಣ್ಣೆಯ ಹಬೆ ಬೆರೆತ ಆ ಗಾಳಿ ಉಸಿರಾಟಕ್ಕೆ ಯೋಗ್ಯವಲ್ಲ.

ಈ ಒತ್ತಡವನ್ನು ಹಿಡಿದಿಡುವುದು ವಾಲ್ವ್, ಅದನ್ನು ಇಳಿಸಿ ಕೊಡುವುದು ರೆಗ್ಯುಲೇಟರ್. ಸ್ಕೂಬಾದಲ್ಲಿ ಇವೆರಡನ್ನು ಜೋಡಿಸುವ ಮುಖ್ಯ ವಿಧಾನ ಎರಡು. ಒಂದು ಯೋಕ್: ರೆಗ್ಯುಲೇಟರ್‌ನ ಕೊಂಡಿ ವಾಲ್ವ್‌ನ ತಲೆಯನ್ನು ತಬ್ಬಿಕೊಳ್ಳುತ್ತದೆ, ಹಿಂದಿನ ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕು. ಇದರ ಮಿತಿ 232 ಬಾರ್. ಇನ್ನೊಂದು ಡಿನ್: ರೆಗ್ಯುಲೇಟರನ್ನೇ ವಾಲ್ವ್‌ನೊಳಗೆ ತಿರುಗಿಸಿ ಕೂರಿಸಬೇಕು. ಇದು 300 ಬಾರ್‌ವರೆಗೂ ಸಿಗುತ್ತದೆ. ನಮ್ಮ ದೃಷ್ಟಿಯಲ್ಲಿ ಡಿನ್ ಹೆಚ್ಚು ಭದ್ರ, ಏಕೆಂದರೆ ಒ-ರಿಂಗ್ ಒಳಗೆ ಸಿಕ್ಕಿಕೊಂಡಿರುವುದರಿಂದ ಹೊರಗೆ ತಳ್ಳಿಕೊಂಡು ಬರುವ ಸಂಭವ ಕಡಿಮೆ. ಆದರೂ ಪ್ರವಾಸಿ ತಾಣದ ಟ್ಯಾಂಕಿಗೆ ಯಾವುದು ಹೊಂದುತ್ತದೆ ಎಂದು ಮೊದಲೇ ಕೇಳಿ, ಆಮೇಲೆ ಸ್ವಂತ ರೆಗ್ಯುಲೇಟರ್ ಕೊಳ್ಳುವುದು ಜಾಣತನ.

ಡಿನ್‌ನಲ್ಲೂ ಒಂದು ಸೂಕ್ಷ್ಮವಿದೆ. 300 ಬಾರ್ ವಾಲ್ವ್‌ನ ತೂತು ಆಳ. 232 ಬಾರ್‌ನ ರೆಗ್ಯುಲೇಟರ್ ತಿರುಗಿಸಿದರೆ ಅದು ತಳ ಮುಟ್ಟುವುದಿಲ್ಲ, ಗಾಳಿ ನಿಲ್ಲುವುದಿಲ್ಲ. ಇದು ತಯಾರಕರ ಅಜಾಗರೂಕತೆಯಲ್ಲ. ಕಡಿಮೆ ಒತ್ತಡದ ಸಾಮಾನು ಹೆಚ್ಚಿನ ಒತ್ತಡಕ್ಕೆ ಕೂರಲೇಬಾರದು ಎಂದು ಬೇಕಂತಲೇ ಹಾಗೆ ಮಾಡಿದ್ದು. ಯುರೋಪಿನಲ್ಲಿ ಹೆಚ್ಚು ಆಕ್ಸಿಜನ್ ಇರುವ ಮಿಶ್ರಣಕ್ಕೆ ಬೇರೆಯದೇ ಥ್ರೆಡ್ ಇದೆ. ಅಸಿಟಿಲೀನ್, ಹೈಡ್ರೋಜನ್‌ನಂಥ ಹೊತ್ತಿಕೊಳ್ಳುವ ಅನಿಲಗಳ ಫಿಟ್ಟಿಂಗ್ ಸಾಮಾನ್ಯವಾಗಿ ಎಡಕ್ಕೆ ತಿರುಗುತ್ತದೆ, ಆಕ್ಸಿಜನ್‌ದು ಬಲಕ್ಕೆ. ಆಸ್ಪತ್ರೆಯ ಸಣ್ಣ ಸಿಲಿಂಡರ್‌ಗಳ ವಾಲ್ವ್ ಮೇಲೆ ಎರಡು ಪುಟ್ಟ ಗುಳಿ ಕಾಣುತ್ತವಲ್ಲ, ಅವೂ ಇದೇ ಕೆಲಸಕ್ಕೆ. ಆಕ್ಸಿಜನ್‌ಗೆ 2 ಮತ್ತು 5ನೇ ಜಾಗ, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್‌ಗೆ 3 ಮತ್ತು 5. ಪಿನ್ ಹೊಂದದಿದ್ದರೆ ಕೂರುವುದಿಲ್ಲ. ಆದರೆ ವಾಷರ್ ಮೇಲೆ ಇನ್ನೊಂದು ವಾಷರ್ ಹಾಕಿದರೆ ಪಿನ್ ಗುಳಿಗೆ ಇಳಿಯದೆಯೂ ತಪ್ಪು ಸಿಲಿಂಡರ್ ಕೂತುಬಿಡಬಹುದು! ಹಾಗಾಗಿ ಒಂದೇ ವಾಷರ್ ಹಾಕಬೇಕು.

ಕೂತರೆ ಸರಿ ಅಂತಲೇ?

ಅಲ್ಲ. ಕೂರದಿದ್ದರೆ ಕನಿಷ್ಠ ಅನುಮಾನವಾದರೂ ಬರುತ್ತದೆ, ತಪ್ಪು ಸಾಮಾನು ಸಲೀಸಾಗಿ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ಸ್ಕೂಬಾ ಟ್ಯಾಂಕಿನ ಕತ್ತಿನ ಥ್ರೆಡ್‌ನಲ್ಲಿ ಅಮೆರಿಕದ ಮುಕ್ಕಾಲು ಇಂಚಿನದೂ ಯುರೋಪಿನ ಎಂ25 ಕೂಡ ನೋಡಲು ಒಂದೇ ಥರ. ಒಂದರ ವಾಲ್ವ್ ಇನ್ನೊಂದಕ್ಕೆ ಕೆಲವು ಸುತ್ತು ಹೋಗಿ ಬಿಗಿಯಾದಂತೆಯೇ ಅನಿಸುತ್ತದೆ. ಗಾಳಿ ತುಂಬುವಾಗ ಆ ವಾಲ್ವ್ ಗುಂಡಿನಂತೆ ಹಾರಿ ಜನ ಗಾಯಗೊಂಡದ್ದು ಹೊರದೇಶಗಳಲ್ಲಿ ದಾಖಲಾಗಿದೆ.

ಬೀದರ್ ಜಿಲ್ಲೆಗೆ ಕಡಲಿಲ್ಲ, ಆದರೆ ಇದೇ ಒತ್ತಡದ ಸಿಲಿಂಡರ್ ಮನೆಯೊಳಗೆ ಬಂದಿದೆ. ಶ್ವಾಸಕೋಶದ ಕಾಯಿಲೆಯ ಹಿರಿಯರಿಗೆ ಮನೆಯಲ್ಲೇ ಆಕ್ಸಿಜನ್ ಕೊಡುವುದು ಈಗ ಅಪರೂಪವಲ್ಲ. 2021ರ ಎರಡನೇ ಅಲೆಯ ಹೊತ್ತಿಗೆ ಕೊರತೆ ಎಷ್ಟಿತ್ತೆಂದರೆ, ಸಾರಜನಕ ಮತ್ತು ಆರ್ಗಾನ್ ಸಿಲಿಂಡರ್‌ಗಳನ್ನೂ ವೈದ್ಯಕೀಯ ಆಕ್ಸಿಜನ್‌ಗೆ ಬದಲಾಯಿಸಲು ಕೇಂದ್ರದ ಪೆಸೊ ಸಂಸ್ಥೆ ಅನುಮತಿ ಕೊಟ್ಟಿತ್ತು. ಅದು ಶುಚಿ ಮಾಡಿ, ಪರೀಕ್ಷಿಸಿ, ವಾಲ್ವ್ ಬದಲಿಸಿ ನಡೆಯಬೇಕಾದ ಕೆಲಸ. ಗ್ಯಾರೇಜಿನಲ್ಲಿ ಪಾನಾ ಹಿಡಿದು ಮಾಡುವುದಲ್ಲ.

ಈಗ ಶೀರ್ಷಿಕೆಯ ಪ್ರಶ್ನೆ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ರೆಗ್ಯುಲೇಟರ್ ದೊಡ್ಡ ವೈದ್ಯಕೀಯ ಸಿಲಿಂಡರ್‌ಗೆ ಹಲವು ಸಲ ಕೂರುತ್ತದೆ. ಆದರೆ ಅದು ತೋರಿಸುವುದು ಒತ್ತಡ. ರೋಗಿಗೆ ಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಹರಿವು, ಅದಕ್ಕೆ ಫ್ಲೋಮೀಟರ್ ಬೇಕು. ಜೊತೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಬಳಸಿದ ಸಾಮಾನಿನಲ್ಲಿ ಎಣ್ಣೆ, ಧೂಳು, ಜಿಡ್ಡು ಇರಬಹುದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸಿಕ್ಕರೆ ಕಿಡಿಯೂ ಬೇಕಿಲ್ಲ: ವಾಲ್ವ್ ರಪ್ಪನೆ ತೆರೆದಾಗ ಅನಿಲ ಒಮ್ಮೆಲೇ ಒತ್ತಿಕೊಂಡು ಹುಟ್ಟುವ ಬಿಸಿಯೇ ಬೆಂಕಿ ಹಚ್ಚಲು ಸಾಕು. ಆದ್ದರಿಂದ ಎಣ್ಣೆ, ಗ್ರೀಸ್, ವ್ಯಾಸಲೀನ್ ಯಾವುದೂ ಹತ್ತಿರ ಬರಬಾರದು. ಕೈ ತೊಳೆದು ಒರೆಸಿಕೊಂಡು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಕೋಣೆಯಲ್ಲಿ ಬೀಡಿ, ಊದುಬತ್ತಿ, ದೀಪ ಇರಬಾರದು.

ವೈದ್ಯಕೀಯ ಆಕ್ಸಿಜನ್ ಸಿಲಿಂಡರ್‌ನ ಮೈ ಕಪ್ಪು, ಭುಜ ಬಿಳಿ. ಬಣ್ಣವನ್ನೊಂದೇ ನಂಬದೆ ಲೇಬಲ್ ಓದಿ. ಭುಜದ ಮೇಲೆ ಕೊನೆಯ ಪರೀಕ್ಷೆಯ ದಿನಾಂಕವೂ ಕೆತ್ತಿರುತ್ತದೆ. ರೆಗ್ಯುಲೇಟರ್ ಕೇಳುವಾಗ ಸಿಲಿಂಡರ್‌ನ ವಾಲ್ವ್‌ನ ಫೋಟೋ ತೆಗೆದು, ಸಿಲಿಂಡರ್ ಕೊಟ್ಟವರಿಗೇ ತೋರಿಸಿ.

ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಸುಲಭ. 10 ಲೀಟರ್ ಸಿಲಿಂಡರ್‌ನಲ್ಲಿ ಮೀಟರ್ 150 ಬಾರ್ ತೋರಿಸಿದರೆ 10×150, ಸುಮಾರು 1500 ಲೀಟರ್ ಅನಿಲ. ವೈದ್ಯರು ನಿಮಿಷಕ್ಕೆ 2 ಲೀಟರ್ ಹೇಳಿದ್ದರೆ ಹನ್ನೆರಡೂವರೆ ಗಂಟೆ, 5 ಲೀಟರ್ ಆದರೆ ಐದೇ ಗಂಟೆ. ಭಾತಂಬ್ರಾದಂಥ ಊರಿನಿಂದ ಭಾಲ್ಕಿಗೋ ಬೀದರಿಗೋ ಹೋಗಿ ತುಂಬಿದ ಸಿಲಿಂಡರ್ ತರಬೇಕಾದವರು ಮೀಟರ್ ಮುಳ್ಳು 50ಕ್ಕೆ ಇಳಿಯುವ ಮುಂಚೆಯೇ ಫೋನ್ ಮಾಡಬೇಕು. ನಿಮಿಷಕ್ಕೆ 5 ಲೀಟರ್ ಹೋಗುತ್ತಿದ್ದರೆ ಆಗ ಉಳಿದಿರುವುದು ಒಂದು ಗಂಟೆ ನಲವತ್ತು ನಿಮಿಷ ಮಾತ್ರ.