ಸುಂಕದವರ ಮುಂದೆ ಸುಖದುಃಖ

'ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವಳು. ಕನ್ನಡದವರು ರಜ ಹಾಕಿದ ದಿನ ಆ ಪಿರಿಯಡ್ಡೂ ನನ್ನ ಕೊರಳಿಗೇ ಬೀಳುತ್ತದೆ. 'ಕರುಣೆಯಿಲ್ಲದವರ ಎದುರು ಕಷ್ಟ ತೋಡಿಕೊಂಡರೆ ಪ್ರಯೋಜನವಿಲ್ಲ' ಎಂದು ಮಕ್ಕಳು ಬರೆಯುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತೇನೆ. ಆ ಗಾದೆಯ ಅರ್ಥ ನನಗೇ ಪೂರ್ತಿ ತಿಳಿದದ್ದು ಐವತ್ತು ದಾಟಿದ ಮೇಲೆ, 2022ರಲ್ಲಿ, ಅತ್ತೆಯವರಿಗೆಂದು ತರಿಸಿದ ಒಂದು ಭೂತಗನ್ನಡಿಯಿಂದ.

ನಮ್ಮ ಅತ್ತೆಗೆ ಆಗ ಎಂಬತ್ತೆರಡು. ಕಣ್ಣಿನ ಪೊರೆ ತೆಗೆಸಿದ್ದರೂ ಅಕ್ಷರ ಮಂಜಾಗಿತ್ತು. ದಿನಕ್ಕೆ ನಾಲ್ಕು ಪುಟವಾದರೂ ಓದದಿದ್ದರೆ ಊಟ ಸೇರದ ಜೀವ ಅದು. ಬೆಂಗಳೂರಿನಲ್ಲಿರುವ ಮಗಳು ತನ್ನ ಫೋನಿನಲ್ಲಿ ಎಲ್ಲೆಲ್ಲೋ ಹುಡುಕಿ, ಮೇಜಿನ ಮೇಲೆ ನಿಲ್ಲುವ, ಒಳಗೇ ದೀಪವಿರುವ ದೊಡ್ಡ ಭೂತಗನ್ನಡಿಯೊಂದನ್ನು ಹೊರದೇಶದ ಅಂಗಡಿಯಿಂದ ನನ್ನ ಹೆಸರಿಗೆ ತರಿಸಿದಳು. ಬೆಲೆ 6,400 ರೂಪಾಯಿ, ಸಾಗಣೆಗೆ 2,100, ಒಟ್ಟು 8,500. ಹನ್ನೆರಡನೆಯ ದಿನ ಪೆಟ್ಟಿಗೆ ಬಾಗಿಲಿಗೇ ಬಂತು. ತಂದ ಹುಡುಗ ಸಹಿ ಹಾಕಿಸಿಕೊಂಡ, ಒಂದು ಲೋಟ ನೀರು ಕೇಳಿ ಕುಡಿದ, ಹೋದ. ದುಡ್ಡಿನ ಮಾತೇ ಇಲ್ಲ. ಅತ್ತೆ ಅಂದು ಸಂಜೆ ಪಂಚಾಂಗದ ಸಣ್ಣಕ್ಷರವನ್ನು ತಾವೇ ಓದಿ ಏಕಾದಶಿ ಎಂದೆಂದು ಹೇಳಿದರು. ಅವರ ಮುಖ ನೋಡಿ ನನಗೆ 8,500 ದೊಡ್ಡದೆನಿಸಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಲಕೋಟೆ ಬಂತು. ಅದು ಬಿಲ್ಲಲ್ಲ, ಬೆದರಿಕೆ. ಸಾಗಣೆ ಕಂಪನಿಗೆ ನಾನು 3,400 ರೂಪಾಯಿ ಬಾಕಿ ಉಳಿಸಿಕೊಂಡಿದ್ದೇನೆಂದೂ, ಮೂರು ನೆನಪೋಲೆ ಕಳಿಸಿದರೂ ಉತ್ತರ ಕೊಟ್ಟಿಲ್ಲವೆಂದೂ, ಏಳು ದಿನದೊಳಗೆ ಕಟ್ಟದಿದ್ದರೆ ಕಾನೂನು ಕ್ರಮವೆಂದೂ ಯಾವುದೋ ವಸೂಲಿ ಸಂಸ್ಥೆ ಬರೆದಿತ್ತು. ನೆನಪೋಲೆಗಳೆಲ್ಲ ಮಗಳು ನನ್ನ ಹೆಸರಲ್ಲಿ ಎಂದೋ ತೆರೆದುಕೊಟ್ಟು, ನಾನು ಮರೆತೇಬಿಟ್ಟಿದ್ದ ಇ-ಮೇಲಿಗೆ ಹೋಗಿದ್ದವು.

ನನ್ನ ಅವಸ್ಥೆ ಏನೆಂದು ಹೇಳಲಿ? ತಿಂಗಳ ಒಂದನೇ ತಾರೀಖು ಹಾಲಿನವರ ಲೆಕ್ಕ ಚುಕ್ತಾ ಮಾಡದೆ ತಿಂಡಿ ತಿನ್ನದವಳು ನಾನು. ನಮ್ಮ ತಂದೆಯ ಕಾಲದಲ್ಲಿ ಸಾಲಗಾರರು ಜಗುಲಿಯ ಮೇಲೆ ಬಂದು ಕೂರುತ್ತಿದ್ದುದನ್ನು, ಅಮ್ಮ ಅಡುಗೆಮನೆಯಿಂದ ಹೊರಗೆ ಬಾರದೆ ಉಳಿಯುತ್ತಿದ್ದುದನ್ನು ಕಂಡಿದ್ದೇನೆ. ಲಕೋಟೆಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಫೋನೇ ಬಂತು. ಅದೂ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕುಳಿತಿದ್ದಾಗ. ಆ ಕಡೆಯವನು, 'ಮೇಡಂ, ಈಗಲೇ ಒಂದು ಲಿಂಕ್ ಕಳಿಸ್ತೀನಿ, ಕಟ್ಟಿಬಿಡಿ' ಅಂದ. ನಾನು ಅತ್ತೆಯ ಕಣ್ಣು, ಮಗಳ ಇ-ಮೇಲು, ತಂದ ಹುಡುಗ ಏನೂ ಹೇಳದೆ ಹೋದದ್ದು ಎಲ್ಲ ವಿವರಿಸತೊಡಗಿದೆ. 'ಅದೆಲ್ಲ ನಮಗೆ ಬೇಡ ಮೇಡಂ' ಅಂದ. ಸುಂಕದವರ ಮುಂದೆ ಸುಖದುಃಖ! ಗಾದೆ ಕಣ್ಣೆದುರು ಬಂದು ನಿಂತಿತ್ತು.

ಸಂಜೆ ನಮ್ಮವರಿಗೆ ಹೇಳಿದೆ. 'ಮೂರು ಸಾವಿರ ತಾನೇ, ಬಿಸಾಕಿಬಿಡು, ಮರ್ಯಾದೆ ಮುಖ್ಯ' ಎಂದರು. ನಾನೂ ಬಿಸಾಕುತ್ತಿದ್ದೆನೇನೋ. ಅಷ್ಟರಲ್ಲಿ ನಮ್ಮ ಅಜ್ಜಿಯ ತುಪ್ಪದ ಡಬ್ಬ ನೆನಪಾಯಿತು.

ಆಗ ಊರೂರಿನ ಮುನಿಸಿಪಾಲಿಟಿಗಳು ಪೇಟೆಯೊಳಗೆ ಬರುವ ಸಾಮಾನಿಗೆ ಆಕ್ಟ್ರಾಯ್ ಎತ್ತುತ್ತಿದ್ದವು. ನಮ್ಮ ರಾಜ್ಯದಲ್ಲಿ ಅದು ರದ್ದಾದದ್ದು 1979ರಲ್ಲಿ. ಅದಕ್ಕೆ ಮುಂಚಿನ ವರ್ಷ ಚಿಕ್ಕಮ್ಮನ ಬಾಣಂತನಕ್ಕೆಂದು ಅಜ್ಜಿ ಹಳ್ಳಿಯಿಂದ ತುಪ್ಪ, ಬೆಲ್ಲ, ಕೊಬ್ಬರಿ ಗಾಡಿಯಲ್ಲಿ ಹೇರಿಕೊಂಡು ಹೊರಟಾಗ ಒಂಬತ್ತು ವರ್ಷದ ನಾನೂ ಜೊತೆಗಿದ್ದೆ. ನಾಕಾದಲ್ಲಿ ಗುಮಾಸ್ತ ತಡೆದ. 'ಮಾರೋಕಲ್ಲಪ್ಪ, ಮಗಳು ಹೆತ್ತಿದ್ದಾಳೆ' ಎಂದು ಅಜ್ಜಿ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಕೊನೆಗೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿದಳು. ಆದರೆ ಕೊಡುವ ಮೊದಲು, 'ಚೀಟಿ ಬರಿಯಪ್ಪ. ಯಾವುದಕ್ಕೆಷ್ಟು ಅಂತ ಬಿಡಿಸಿ ಬರಿ' ಎಂದಳು. ಗುಮಾಸ್ತ ಗೊಣಗಿಕೊಂಡೇ ಬರೆದುಕೊಟ್ಟ. ಅಕ್ಷರ ಬಾರದ ಅಜ್ಜಿ ಆ ಚೀಟಿಯನ್ನು ನನ್ನ ಕೈಲಿ ಎರಡು ಸಲ ಓದಿಸಿದ ಮೇಲೇ ಎತ್ತು ಹೊಡೆಸಿದ್ದು.

ಅಜ್ಜಿಯ ಆ ವಾದಕ್ಕೆ ಎಷ್ಟು ಹಳೆಯ ಆಧಾರವಿತ್ತೆಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಓದುವಾಗ. ಆ ಗ್ರಂಥ ಮತ್ತೆ ಬೆಳಕಿಗೆ ಬಂದದ್ದೇ ನಮ್ಮ ಮೈಸೂರಿನಲ್ಲಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯೆಂಟಲ್ ಲೈಬ್ರರಿಗೆ ತಂದುಕೊಟ್ಟ ಓಲೆಗರಿಯ ಕಟ್ಟನ್ನು ಓದಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಅದರಲ್ಲಿ ಸುಂಕದ ಅಧಿಕಾರಿಗೆಂದೇ ಒಂದು ಅಧ್ಯಾಯವಿದೆ. ಊರ ಹೆಬ್ಬಾಗಿಲ ಬಳಿ ಸುಂಕದ ಮನೆ, ಅದರ ಮುಂದೆ ಬಾವುಟ. ವರ್ತಕರು ಬಂದರೆ ನಾಲ್ಕೈದು ಜನ ಕುಳಿತು ಬರೆದುಕೊಳ್ಳಬೇಕು: ಯಾರು, ಎಲ್ಲಿಂದ ಬಂದರು, ಎಷ್ಟು ಸರಕು, ಮುದ್ರೆ ಎಲ್ಲಿ ಬಿತ್ತು? ಇಂದು ಹೊರದೇಶದ ಪೆಟ್ಟಿಗೆಯ ಮೇಲೆ ಅಂಟಿಸುವ ಕಾಗದ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಹೊರಗಿನಿಂದ ಬರುವ ಸರಕಿಗೆ ಬೆಲೆಯ ಐದನೆಯ ಒಂದು ಭಾಗ ಸುಂಕ. ಮುದ್ರೆಯಿಲ್ಲದಿದ್ದರೆ ಎರಡರಷ್ಟು, ಕಳ್ಳಮುದ್ರೆಯಾದರೆ ಎಂಟರಷ್ಟು ದಂಡ. ಆದರೆ ಮದುವೆಗೆ, ಉಡುಗೊರೆಗೆ, ಯಜ್ಞಕ್ಕೆ, ಹೆರಿಗೆಗೆ ಒಯ್ಯುವ ಸಾಮಾನಿಗೆ ಸುಂಕವಿಲ್ಲ! ನಮ್ಮ ಅಜ್ಜಿಯ ತುಪ್ಪವನ್ನು ಕೌಟಿಲ್ಯ ಬಿಟ್ಟುಬಿಡುತ್ತಿದ್ದ, ಮುನಿಸಿಪಾಲಿಟಿ ಬಿಡಲಿಲ್ಲ.

ಕನ್ನಡ ನಾಡಿನ ಕಲ್ಲುಗಳೂ ಸುಂಕದ ಮಾತು ತುಂಬ ಆಡುತ್ತವೆ. ದೊಡ್ಡ ಬಾಬಿನ ಸುಂಕಕ್ಕೆ ಶಾಸನಗಳಲ್ಲಿ 'ಹೆಜ್ಜುಂಕ' ಎಂದು ಹೆಸರು. ಸಣ್ಣಪುಟ್ಟ ಬಾಬಿನದಕ್ಕೆ ಏನು ಹೆಸರು ಗೊತ್ತೆ? 'ಕಿರುಕುಳ'! ಈಗ ನಾವು ಆ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತೇವೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಸುಂಕದ ಹಣವನ್ನು ದೇವಸ್ಥಾನದ ನಂದಾದೀಪಕ್ಕೆ ಬಿಟ್ಟುಕೊಟ್ಟ ಶಾಸನಗಳಿವೆ, ಆ ಧರ್ಮಕ್ಕೆ ತಪ್ಪಿದವನಿಗೆ ಕಾಶಿಯಲ್ಲಿ ಗೋವನ್ನು ಕೊಂದ ಪಾಪ ಬರಲೆಂಬ ಶಾಪವೂ ಇದೆ. ಹಾಗೆಂದು ಸುಂಕದವರೆಲ್ಲ ಕಲ್ಲೆದೆಯವರೇ ಎಂದುಕೊಳ್ಳಬೇಡಿ. ಹನ್ನೆರಡನೆಯ ಶತಮಾನದ ಶರಣರ ನಡುವೆ ಸುಂಕದ ಬಂಕಣ್ಣ ಎಂಬವನೂ ಇದ್ದಾನೆ. ಸುಂಕ ವಸೂಲಿಯ ಕಾಯಕದಲ್ಲಿದ್ದುಕೊಂಡೇ ವಚನ ಬರೆದವನು.

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 1535ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ರಾಜಧಾನಿಯ ಬಾಗಿಲೊಂದನ್ನು ವರ್ಷಕ್ಕೆ 12,000 ಪರದಾವುಗಳಿಗೆ ಗುತ್ತಿಗೆ ಕೊಡುತ್ತಿದ್ದರಂತೆ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ದಿನಕ್ಕೆ ಎರಡು ಸಾವಿರ ಹೇರೆತ್ತುಗಳು ಸುಂಕ ತೆತ್ತು ಬರುತ್ತಿದ್ದವು. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿರಲಿಲ್ಲ. ನಾಗಲಾಪುರದಲ್ಲಂತೂ ಗಂಡಸರು, ಹೆಂಗಸರು, ತಲೆಹೊರೆ ಎಲ್ಲಕ್ಕೂ ಸುಂಕ. ನಾಗಲಾಪುರವೆಂದರೆ ಇಂದಿನ ಹೊಸಪೇಟೆ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸು ಆ ಬಾಗಿಲಲ್ಲಿ ನಿಂತದ್ದನ್ನು ಊಹಿಸಿಕೊಳ್ಳಿ. ಇಲ್ಲಿ ಗಮನಿಸಬೇಕಾದ ಮಾತೆಂದರೆ ಗುತ್ತಿಗೆ. ರಾಜನಿಗೆ ಕಟ್ಟಬೇಕಾದದ್ದು ಗೊತ್ತಾದ ಮೊತ್ತ. ಅದರ ಮೇಲೆ ಎತ್ತಿದ್ದೆಲ್ಲ ಗುತ್ತಿಗೆದಾರನ ಲಾಭ. ಸುಂಕ ರಾಜನದು, ಒತ್ತಾಯ ಗುತ್ತಿಗೆದಾರನದು. ನಿಂತವಳಿಗೆ ಎರಡೂ ಒಂದೇ ಕಾಣುತ್ತಿತ್ತು.

ನನಗೂ ಹಾಗೇ ಕಂಡಿತ್ತು. ಪಾಠ ಮಾಡುವಾಗ ಹತ್ತಾರು ಸಲ ಹೇಳಿದ ಈ ವ್ಯತ್ಯಾಸ ನನ್ನ ಮನೆಯ ಲಕೋಟೆಗೆ ಹೊಂದುತ್ತದೆಂದು ಹೊಳೆದದ್ದು ಆ ರಾತ್ರಿ. ಮರುದಿನ ಕಂಪನಿಗೆ ರಿಜಿಸ್ಟರ್ಡ್ ಪತ್ರ ಬರೆದೆ, ಸ್ವೀಕೃತಿ ಚೀಟಿ ಸಮೇತ. ಹಣ ಕೊಡುವುದಿಲ್ಲವೆಂದಲ್ಲ, ಯಾವುದಕ್ಕೆ ಎಷ್ಟು ಎಂದು ಬಿಡಿಸಿ ತಿಳಿಸಿ, ನನ್ನ ಹೆಸರಲ್ಲಿ ಕಸ್ಟಮ್ಸಿಗೆ ಕಟ್ಟಿದ ದಾಖಲೆಯ ಪ್ರತಿ ಕಳಿಸಿ ಎಂದು. ಪತ್ರದ ಒಂದು ಪ್ರತಿಯನ್ನು ವಸೂಲಿ ಸಂಸ್ಥೆಗೂ ಹಾಕಿದೆ. ಫೋನಿನವನಿಗೆ, 'ಕಾಗದದಲ್ಲಿ ಮಾತಾಡೋಣಪ್ಪ' ಎಂದಷ್ಟೇ ಹೇಳಿದೆ.

ಮೂರು ವಾರದ ಮೇಲೆ ಉತ್ತರ ಬಂತು. ಲೆಕ್ಕ ಹೀಗಿತ್ತು. ಸುಂಕ ಹಾಕುವುದು ಬರೀ ಸಾಮಾನಿನ ಬೆಲೆಯ ಮೇಲಲ್ಲ, ಸಾಗಣೆಯನ್ನೂ ಸೇರಿಸಿ. ಹಾಗಾಗಿ 8,500ರ ಮೇಲೆ ಶೇಕಡಾ 10ರಂತೆ ಮೂಲ ಸುಂಕ 850. ಆ ಸುಂಕದ ಮೇಲೆ ಮತ್ತೆ ಶೇಕಡಾ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 85 ರೂಪಾಯಿ. 2018ರ ವರೆಗೆ ಈ ಜಾಗದಲ್ಲಿ ಶಿಕ್ಷಣದ ಸೆಸ್ ಇತ್ತು, ಟೀಚರಾದ ನನಗೆ ಅದಾದರೂ ಸಮಾಧಾನ ಕೊಡುತ್ತಿತ್ತೋ ಏನೋ. ಇವನ್ನೆಲ್ಲ ಕೂಡಿಸಿದರೆ 9,435. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 1,698. ಸರ್ಕಾರಕ್ಕೆ ಹೋದದ್ದು ಒಟ್ಟು 2,633. ಉಳಿದ 767? ನನ್ನ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಕಂಪನಿಯ ಕೂಲಿ 650, ಅದರ ಮೇಲಿನ ತೆರಿಗೆ 117.

ಹೆಜ್ಜುಂಕ 2,633. ಕಿರುಕುಳ 767.

ಹೆಜ್ಜುಂಕವನ್ನು ಅದೇ ದಿನ ಬ್ಯಾಂಕಿನಲ್ಲಿ ಕಟ್ಟಿದೆ. ಅದರಲ್ಲಿ ಅನ್ಯಾಯವಿರಲಿಲ್ಲ. ದೇಶದ ಬಾಗಿಲು ದಾಟಿ ಬಂದ ಸಾಮಾನಿಗೆ ಸುಂಕ ಉಂಟು, ಅದು ತಿಳಿಯದೆ ಹೋದದ್ದು ನನ್ನ ತಪ್ಪು. ಆದರೆ 767ಕ್ಕೆ ಮತ್ತೆ ಪತ್ರ ಬರೆದೆ: ಇಂಥ ಕೂಲಿ ಉಂಟೆಂದು ಮೊದಲು ನನಗಾಗಲಿ ನನ್ನ ಮಗಳಿಗಾಗಲಿ ತಿಳಿಸಿದ, ನಾವು ಒಪ್ಪಿದ ಕಾಗದ ತೋರಿಸಿ, ಕೊಡುತ್ತೇನೆ. ಆ ಕಾಗದ ಬರಲಿಲ್ಲ. ಎರಡು ತಿಂಗಳ ಮೇಲೆ ವಸೂಲಿ ಸಂಸ್ಥೆಯಿಂದ ಇನ್ನೊಂದು ಬೆದರಿಕೆ ಬಂತು. ಈ ಸಲ ಅಕ್ಕಿ ಡಬ್ಬದ ಹಿಂದೆ ಇಡಲಿಲ್ಲ, ಊಟದ ಮೇಜಿನ ಮೇಲೇ ಇಟ್ಟು ಎಲ್ಲರಿಗೂ ಓದಿ ಹೇಳಿದೆ. ಹಳೆಯ ಪತ್ರಗಳ ಪ್ರತಿ ಸೇರಿಸಿ ಉತ್ತರ ಹಾಕಿದೆ. ಕೊನೆಗೆ ಕಂಪನಿಯಿಂದ ಎರಡು ಸಾಲು ಬಂತು, ಬಾಕಿಯನ್ನು ಕೈಬಿಡಲಾಗಿದೆ ಎಂದು. ಕ್ಷಮೆಯ ಮಾತಿರಲಿಲ್ಲ. ನಾನು ಕಾಯಲೂ ಇಲ್ಲ.

ಮಗಳು, 'ಅಮ್ಮಾ, 767 ರೂಪಾಯಿಗೆ ಇಷ್ಟೊಂದು ಅಂಚೆ ಖರ್ಚಾ?' ಎಂದು ನಕ್ಕಳು. ಖರ್ಚು ನಿಜ. ಆದರೆ ಹಣಕ್ಕಿಂತ ದೊಡ್ಡದೊಂದು ನನಗೆ ವಾಪಸು ಬಂದಿತ್ತು. ತಪ್ಪು ಮಾಡದಿದ್ದರೂ ತಲೆ ತಗ್ಗಿಸಿ ಅಡುಗೆಮನೆಯಲ್ಲಿ ನಿಂತಿದ್ದ ನಮ್ಮ ಅಮ್ಮನ ಜಾಗದಲ್ಲಿ ಎರಡು ದಿನ ನಾನೂ ನಿಂತಿದ್ದೆ. ಅಲ್ಲಿಂದ ಹೊರಗೆ ಬಂದೆ.

ಸಂಸ್ಕೃತದಲ್ಲಿ ಘಟ್ಟಕುಟೀ ಪ್ರಭಾತ ನ್ಯಾಯವೆಂದು ಒಂದಿದೆ. ಸುಂಕ ತಪ್ಪಿಸಲು ವರ್ತಕನೊಬ್ಬ ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದು, ಬೆಳಗಾದಾಗ ನೋಡಿದರೆ ಸುಂಕದ ಕಟ್ಟೆಯ ಮುಂದೆಯೇ ನಿಂತಿದ್ದನಂತೆ. ಸುಂಕ ತಪ್ಪಿಸುವ ದಾರಿಯನ್ನು ನಾನು ನಿಮಗೆ ಹೇಳುವುದಿಲ್ಲ. ಹೊರದೇಶದಿಂದ ಏನಾದರೂ ತರಿಸುವ ಮುನ್ನ ಮಾತ್ರ ಮೂರು ಪ್ರಶ್ನೆ ಕೇಳಿ: ಈ ಬೆಲೆಯಲ್ಲಿ ನಮ್ಮ ದೇಶದ ಸುಂಕ ಸೇರಿದೆಯೇ? ಇಲ್ಲದಿದ್ದರೆ ಕಟ್ಟುವವರು ಯಾರು? ಕಟ್ಟಿಸಿಕೊಡುವುದಕ್ಕೆ ಕೂಲಿ ಎಷ್ಟು? ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಹೋದ ವರ್ಷದ ಲೆಕ್ಕ ನಂಬಿ ಕೂರಬೇಡಿ. ಇನ್ನೊಂದು ಮಾತು. ಕಸ್ಟಮ್ಸಿನವರೆಂದು ಹೇಳಿಕೊಂಡು ಫೋನು ಮಾಡಿ ದುಡ್ಡು ಕೀಳುವ ಮೋಸಗಾರರು ಹೆಚ್ಚಿದ್ದಾರೆ. ಇಲಾಖೆ ಕಳಿಸುವ ಪತ್ರಗಳ ಮೇಲೆ 2019ರ ನವೆಂಬರಿನಿಂದ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದು ನಿಜವೇ ಎಂದು ಇಲಾಖೆಯ ತಾಣದಲ್ಲೇ ನೋಡಬಹುದು. ಕೌಟಿಲ್ಯನ ಮುದ್ರೆ ಇದ್ದ ಹಾಗೆ.

ಅತ್ತೆ ಈಗಲೂ ಮಧ್ಯಾಹ್ನ ಕಿಟಕಿಯ ಬಳಿ ಆ ಭೂತಗನ್ನಡಿ ಇಟ್ಟುಕೊಂಡು ಓದುತ್ತಾರೆ. ಅವರಿಗೆ ನಡೆದದ್ದನ್ನೆಲ್ಲ ಹೇಳಿದಾಗ ಮೊದಲು ಕೇಳಿದ್ದು, 'ಚೀಟಿ ಇಸ್ಕೊಂಡೆ ತಾನೇ?' ಎಂದು. ನಮ್ಮ ಅಜ್ಜಿಯನ್ನು ಅವರು ಕಂಡವರಲ್ಲ.