ಕರಾರುಕೂಲಿಯ ಪದ್ಧತಿಯೂ ಅದರ ನಿರ್ಮೂಲನವೂ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಶಾಸನವು 1833ರಲ್ಲಿ ಅಂಗೀಕೃತವಾಗಿ ಮರುವರ್ಷ ಆಚರಣೆಗೆ ಬಂದಿತು. ಬಿಡುಗಡೆ ಹೊಂದಿದವರು ಕಬ್ಬಿನ ತೋಟಗಳಲ್ಲಿ ಹಿಂದಿನಂತೆ ದುಡಿಯಲೊಲ್ಲರೆಂಬ ಭಯದಿಂದ ತೋಟದ ದೊರೆಗಳು ಕೂಲಿಗಾಗಿ ಭರತಖಂಡದ ಕಡೆಗೆ ಕಣ್ಣು ಹೊರಳಿಸಿದರು. 1834ರಲ್ಲಿಯೇ ಕಲ್ಕತ್ತೆಯಿಂದ ಮಾರಿಷಸ್ ದ್ವೀಪಕ್ಕೆ ಕೂಲಿಗಳು ಹೊರಟರು. 1838ರಲ್ಲಿ ಬ್ರಿಟಿಷ್ ಗಯಾನಕ್ಕೂ, 1860ರಲ್ಲಿ ಮದರಾಸು ಬಂದರಿನಿಂದ ನೇಟಾಲಿಗೂ, 1879ರಲ್ಲಿ ಫಿಜಿ ದ್ವೀಪಗಳಿಗೂ ಮೊದಲ ಹಡಗುಗಳು ಸಾಗಿದುವು. ನೇಟಾಲಿಗೆ 1911ರವರೆಗೆ ಹೋದವರೇ ಸುಮಾರು 1,52,000 ಜನ. ಫಿಜಿಗೆ ಹೋದವರು ಸುಮಾರು 60,000.

ಈ ಪದ್ಧತಿಯು ಗುಲಾಮಗಿರಿಯೆಂದು ಹೆಸರಿಸಲ್ಪಡಲಿಲ್ಲ. ಕೂಲಿಯು ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡು, 5 ವರ್ಷಗಳ ಕರಾರುಪತ್ರಕ್ಕೆ ಹೆಬ್ಬೆಟ್ಟನ್ನೊತ್ತಿ ಹೋಗತಕ್ಕವನಾದುದರಿಂದ, ಅವನು ಸ್ವಂತ ಇಚ್ಛೆಯಿಂದಲೇ ಹೋದನೆಂದು ಸರಕಾರವು ವಾದಿಸುತ್ತಿದ್ದಿತು. 'ಅಗ್ರಿಮೆಂಟ್' ಎಂಬ ಆಂಗ್ಲ ಶಬ್ದವು ಆ ಬಡವರ ಬಾಯಲ್ಲಿ 'ಗಿರ್ಮಿಟ್' ಎಂದಾಯಿತು. ಅದಕ್ಕೆ ಒಳಗಾದವನು ಗಿರ್ಮಿಟಿಯನಾದನು. ಲೋಕದಲ್ಲಿ ಕರಾರನ್ನು ಮುರಿದವನು ನಷ್ಟವನ್ನು ತುಂಬಿಕೊಡುವನು. ಗಿರ್ಮಿಟಿಯನಾದರೋ ಕೆಲಸಕ್ಕೆ ಬಾರದಿದ್ದರೆ, ಅಪ್ಪಣೆಯಿಲ್ಲದೆ ತೋಟವನ್ನು ಬಿಟ್ಟರೆ, ಅಪರಾಧಿಯೆನಿಸಿ ದಂಡವನ್ನಾಗಲಿ ಸೆರೆಮನೆಯನ್ನಾಗಲಿ ಅನುಭವಿಸಬೇಕಾಗಿದ್ದಿತು. ಒಪ್ಪಿಗೆಯು ಒಂದು ದಿನದ್ದು. ಬಂಧನವು ಐದು ವರ್ಷದ್ದು.

ಆ ಒಪ್ಪಿಗೆಯಾದರೂ ಎಂತಹದು? ಜನರನ್ನು ಕೂಡಿಸಿ ಕೊಡುವ ಅರ್ಕಾಟಿಗಳೆಂಬ ದಲ್ಲಾಳಿಗಳು ತಲೆಯೊಂದಕ್ಕೆ ಇಷ್ಟೆಂದು ಹಣ ಪಡೆಯುತ್ತಿದ್ದರು. ಕ್ಷೇತ್ರಗಳಲ್ಲಿಯೂ ಪೇಟೆಗಳಲ್ಲಿಯೂ ಕೆಲಸವಿಲ್ಲದೆ ಅಲೆಯುವವರನ್ನೂ, ಮನೆಯಿಂದ ಮುನಿಸಿಕೊಂಡು ಬಂದ ಹೆಂಗಸರನ್ನೂ ಅವರು ಒಳ್ಳೆಯ ನೌಕರಿಯ ಆಸೆ ತೋರಿಸಿ ಸೆಳೆಯುತ್ತಿದ್ದರು. ಹೀಗೆ 1893ರಲ್ಲಿ ಪ್ರಯಾಗದಲ್ಲಿ ಸಿಕ್ಕಿಬಿದ್ದವನು ತೋತಾರಾಮ ಸನಾಢ್ಯನು. ಏನು ಕೇಳಿದರೂ 'ಹೌದು' ಎನ್ನಬೇಕೆಂದು ಅರ್ಕಾಟಿಯು ಮೊದಲೇ ಕಲಿಸಿಕೊಟ್ಟಿದ್ದನೆಂದೂ, ಮ್ಯಾಜಿಸ್ಟ್ರೇಟರ ವಿಚಾರಣೆಯು ಆ ಒಂದು ಮಾತಿನಲ್ಲಿಯೇ ಮುಗಿಯಿತೆಂದೂ ಅವನು ಬರೆದಿರುವನು. ಫಿಜಿಯಲ್ಲಿ 21 ವರ್ಷ ಕಳೆದು 1914ರಲ್ಲಿ ಮರಳಿದ ಮೇಲೆ, ಬನಾರಸೀದಾಸ ಚತುರ್ವೇದಿಯವರ ಸಹಾಯದಿಂದ ಅವನು ಹೇಳಿ ಪ್ರಕಟಿಸಿದ ಹಿಂದೀ ಗ್ರಂಥವು ದೇಶದಲ್ಲೆಲ್ಲ ಕಳವಳವನ್ನುಂಟುಮಾಡಿತು.

ಇದಕ್ಕೂ ಮುಂಚೆ ನ್ಯಾಯಾಸ್ಥಾನದಲ್ಲಿ ಹೋರಾಟವು ಮೊದಲಾಗಿದ್ದಿತು. 1894ರಲ್ಲಿ ಬಾಲಸುಂದರನೆಂಬ ತಮಿಳು ಕೂಲಿಯು ದಣಿಯ ಹೊಡೆತದಿಂದ ಹಲ್ಲು ಮುರಿದು, ರಕ್ತ ಸುರಿಯುತ್ತಿರಲು, ರುಮಾಲನ್ನು ಕೈಯಲ್ಲಿ ಹಿಡಿದುಕೊಂಡು ದರ್ಬಾನಿನ ತರುಣ ವಕೀಲರಾದ ಗಾಂಧಿಯವರ ಬಳಿಗೆ ಬಂದನು. ದಣಿಗೆ ಶಿಕ್ಷೆಯಾಗುವುದಕ್ಕಿಂತ ಕೂಲಿಯು ಅವನ ಕೈಯಿಂದ ಪಾರಾಗುವುದೇ ಮುಖ್ಯವೆಂದು ಬಗೆದ ಗಾಂಧಿಯವರು, ಕರಾರನ್ನು ಬೇರೊಬ್ಬ ದಣಿಗೆ ವರ್ಗಮಾಡಿಸಿದರು. ಕಾನೂನಿನಲ್ಲಿ ಅಂದು ಇದ್ದ ಬಾಗಿಲು ಅಷ್ಟೇ ಕಿರಿದು. ಮರುವರ್ಷ ನೇಟಾಲ ಸರಕಾರವು, ಕರಾರು ಮುಗಿದ ಮೇಲೆಯೂ ಸ್ವದೇಶಕ್ಕೆ ಹಿಂದಿರುಗದೆ, ಮತ್ತೆ ಕರಾರಿಗೂ ಒಳಗಾಗದೆ ನಿಂತವರ ಮೇಲೆ ವರ್ಷಕ್ಕೆ 3 ಪೌಂಡುಗಳ ತೆರಿಗೆಯನ್ನು ಹೇರಿತು. ಅದು ತೊಲಗಿದುದು ಸತ್ಯಾಗ್ರಹದ ಫಲವಾಗಿ 1914ರಲ್ಲಿ.

ಶಾಸನಸಭೆಯಲ್ಲಿ ಈ ಪಕ್ಷವನ್ನು ಹಿಡಿದವರು ಗೋಪಾಲ ಕೃಷ್ಣ ಗೋಖಲೆಯವರು. 1910ರಲ್ಲಿ ಅವರು ತಂದ ಗೊತ್ತುವಳಿಯಿಂದ ನೇಟಾಲಿಗೆ ಕೂಲಿಗಳನ್ನು ಕಳುಹುವುದು 1911ರ ಜುಲೈಯಿಂದ ನಿಂತಿತು. 1912ರ ಮಾರ್ಚಿಯಲ್ಲಿ ಪದ್ಧತಿಯನ್ನೇ ಅಳಿಸಬೇಕೆಂದು ಅವರು ಕೇಳಿದರು. ಭಾಷೆ, ಆಚಾರಗಳನ್ನರಿಯದ ದೂರದೇಶಕ್ಕೆ, ಕಂಡರಿಯದ ದಣಿಗೆ, ತನಗೆ ತಿಳಿಯಪಡಿಸದ ಶಿಕ್ಷೆಗಳಿಗೆ ಅಧೀನನಾಗಿ ಹೋಗುವವನ ಒಪ್ಪಿಗೆಯು ಒಪ್ಪಿಗೆಯಲ್ಲವೆಂಬುದೇ ಅವರ ವಾದದ ಸಾರ. ಸರಕಾರಿ ಸದಸ್ಯರ ಬಹುಮತದಿಂದ ಆ ಗೊತ್ತುವಳಿಯು ಬಿದ್ದುಹೋಯಿತು. ವಾದವು ಮಾತ್ರ ಬೀಳಲಿಲ್ಲ.

ಫಿಜಿಯಲ್ಲಿ ಮೇಸ್ತ್ರಿಯ ಕೈಯಿಂದ ಮಾನವನ್ನುಳಿಸಿಕೊಳ್ಳಲು ನದಿಗೆ ಹಾರಿದ ಕುಂತಿಯೆಂಬ ಕೂಲಿ ಹೆಂಗಸಿನ ಕಥೆಯು 1913ರಲ್ಲಿ 'ಭಾರತ ಮಿತ್ರ' ಪತ್ರಿಕೆಯಲ್ಲಿ ಪ್ರಕಟವಾಗಲು, ವಿಷಯವು ಕೂಲಿಯ ಲೆಕ್ಕವನ್ನು ಮೀರಿ ದೇಶದ ಮಾನದ ಪ್ರಶ್ನೆಯಾಯಿತು. 1915ರಲ್ಲಿ ಆಂಡ್ರೂಸ್, ಪಿಯರ್ಸನ್ ಇಬ್ಬರೂ ಫಿಜಿಗೆ ಹೋಗಿ ಕಣ್ಣಾರೆ ಕಂಡು ವರದಿಯನ್ನು ಬರೆದರು. ನೂರು ಗಂಡಸರಿಗೆ ನಲ್ವತ್ತು ಹೆಂಗಸರಂತೆ ತುಂಬಿದ ಆ ಸಾಲುಮನೆಗಳಲ್ಲಿ ಸಂಸಾರಜೀವನವೇ ಮುರಿದುಬಿದ್ದಿದ್ದಿತು. 1916ರ ಮಾರ್ಚಿಯಲ್ಲಿ ಮದನಮೋಹನ ಮಾಳವೀಯರ ಗೊತ್ತುವಳಿಯನ್ನು ವೈಸರಾಯ್ ಹಾರ್ಡಿಂಜರು ತತ್ತ್ವತಃ ಒಪ್ಪಿದರೂ, ಆಚರಣೆಯು ಮುಂದೆ ಸಾಗುತ್ತಿರಲು, 1917ರ ಮೇ 31ರೊಳಗೆ ಇದು ನಿಲ್ಲಬೇಕೆಂದು ದೇಶವು ಗಡುವು ಹಾಕಿತು. ಸ್ತ್ರೀಯರ ನಿಯೋಗವೊಂದು ಹೊಸ ವೈಸರಾಯರನ್ನು ಕಂಡಿತು. ಗಡುವಿಗೆ ಮೊದಲೇ, ಆ ವರ್ಷದ ಮಾರ್ಚಿಯಲ್ಲಿ ಕೂಲಿಗಳ ರವಾನೆಯು ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದುವು.

ಮುಂದೆ ಭಾರತದ ಸಂವಿಧಾನವು ತನ್ನ 23ನೆಯ ಅನುಚ್ಛೇದದಲ್ಲಿ ಮಾನವರ ವ್ಯಾಪಾರವನ್ನೂ ಬಿಟ್ಟಿದುಡಿಮೆಯನ್ನೂ ನಿಷೇಧಿಸಿತು. ವಂಚನೆಯಿಂದಲೋ ಬಲಾತ್ಕಾರದಿಂದಲೋ ಪಡೆದ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು 2000ದಲ್ಲಿ ವಿಶ್ವಸಂಸ್ಥೆಯ ಒಪ್ಪಂದವೂ ಸಾರಿತು. 1912ರಲ್ಲಿ ಮತಸಂಖ್ಯೆಯಿಂದ ಸೋತ ಮಾತೇ ಇದು. ಅರ್ಕಾಟಿಯ ವೇಷವು ಬದಲಾದರೂ ಅವನ ಉಪಾಯವು ಬದಲಾಗಿಲ್ಲವಾದುದರಿಂದ, ಹೆಬ್ಬೆಟ್ಟಿನ ಗುರುತನ್ನು ಮಾತ್ರ ನೋಡದೆ, ಅದನ್ನು ಒತ್ತಿದವನಿಗೆ ತಿಳಿದಿದ್ದುದೇನೆಂದು ಕೇಳುವ ನ್ಯಾಯವು ಇಂದಿಗೂ ಅವಶ್ಯವಾಗಿರುವುದು.